ಧ್ರುವ ಸಮುದ್ರದ ಗಾಳಿಯಲ್ಲಿರುವ ಸಾವಯವ ಕಣಗಳ ಮೂಲ ಹುಡುಕಲು ಫಿಲ್ಟರ್ ಸಾಕಾ, ಮಾಸ್ ಸ್ಪೆಕ್ಟ್ರೋಮೀಟರ್ ಬೇಕಾ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನ್ನ ಮೊದಲ ಆರ್ಕ್ಟಿಕ್ ಯಾನ ಕಣ್ಣ ಮುಂದೆ ಬಂತು. ಕಣಗಳು ಸಮುದ್ರದವೋ, ಖಂಡಗಳಿಂದ ತೇಲಿ ಬಂದವೋ ತಿಳಿಯಬೇಕು, ಕಣ ಹಿಡಿದಿಡುವ ಫಿಲ್ಟರ್ ಒಯ್ಯಲಾ, ಅಣುಗಳನ್ನು ತೂಕದ ಮೇಲೆ ಅಲ್ಲೇ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಒಯ್ಯಲಾ ಅಂತ ಕೇಳಿದ್ದೀರಿ. ಹೊರಡುವ ಮುಂಚೆ ನಾನೂ ಆರು ತಿಂಗಳು ಇದನ್ನೇ ತಲೆಗೆ ಹಚ್ಚಿಕೊಂಡಿದ್ದೆ. ಕೊನೆಗೆ ನನ್ನ ಕೆಲಸ ಕೆಡಿಸಿದ್ದು ಗಾಳಿಯ ದಿಕ್ಕಿನ ಒಂದು ಅಂಕಿ.

ಒಯ್ದಿದ್ದು ಕ್ವಾರ್ಟ್ಜ್ ಫಿಲ್ಟರ್‌ಗಳು, ಜೊತೆಗೆ ನಿಮಿಷಕ್ಕೆ ಸುಮಾರು 1 ಘನ ಮೀಟರ್ ಗಾಳಿ ಎಳೆಯುವ ಪಂಪ್. ಬೇಸಿಗೆಯಲ್ಲಿ ಅಲ್ಲಿನ ಗಾಳಿ ತುಂಬಾ ಶುದ್ಧ, ಒಂದೊಂದು ಫಿಲ್ಟರ್ ಎರಡು ದಿನ ಓಡಿಸಿದೆವು. ಹಡಗಿನಲ್ಲಿ ದೊಡ್ಡ ಶತ್ರು ಅದರದೇ ಹೊಗೆ. ಹಾಗಾಗಿ ಮುಂದಿನಿಂದ ಗಾಳಿ ಬೀಸಿದಾಗ ಮಾತ್ರ ಪಂಪ್ ಓಡಬೇಕು, ಹೊಗೆಕೊಳವೆಯ ಕಡೆಯಿಂದ ಬಂದರೆ ತಾನಾಗಿ ನಿಲ್ಲಬೇಕು. ಆ ಸ್ವಿಚ್ ನಾನೇ ಹೊಂದಿಸಿದ್ದೆ. 0 ಡಿಗ್ರಿಯಿಂದ ಎಡಕ್ಕೆ 60, ಬಲಕ್ಕೆ 60. ಅಷ್ಟರೊಳಗೆ ಗಾಳಿ ಇದ್ದರೆ ಓಡು, ಇಲ್ಲದಿದ್ದರೆ ನಿಲ್ಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಡಗಿನ ಹವಾಮಾನ ಯಂತ್ರ ಎರಡು ದಿಕ್ಕು ಕೊಡುತ್ತದೆ. ಒಂದು, ಡೆಕ್ ಮೇಲೆ ನಿಂತವರಿಗೆ ತಾಗುವ ಗಾಳಿ. ಅದರಲ್ಲಿ 0 ಅಂದರೆ ಹಡಗಿನ ಮೂತಿ. ಇನ್ನೊಂದು, ಹಡಗಿನ ವೇಗ ಮತ್ತು ದಿಕ್ಕನ್ನು ಕಳೆದು ಉಳಿಯುವ ನಿಜವಾದ ಗಾಳಿ. ಅದರಲ್ಲಿ 0 ಅಂದರೆ ಉತ್ತರ. ನಾನು ಸ್ವಿಚ್‌ಗೆ ಎರಡನೆಯದನ್ನು ಜೋಡಿಸಿದ್ದೆ. ಹೋಗುವಾಗ ಹಡಗು ಉತ್ತರಕ್ಕೇ ಮುಖ ಮಾಡಿತ್ತು, ಉತ್ತರವೂ ಮೂತಿಯೂ ಒಂದೇ ಕಡೆ. ತಪ್ಪು ಕಾಣಲೇ ಇಲ್ಲ. ಬರುವಾಗ ಹಡಗು ದಕ್ಷಿಣಕ್ಕೆ ತಿರುಗಿತು. ಈಗ ಮೂತಿಯಿಂದ ಒಳ್ಳೆಯ ಗಾಳಿ ಬಂದರೆ ಪಂಪ್ ನಿಲ್ಲುತ್ತಿತ್ತು, ಬೆನ್ನ ಹಿಂದಿನಿಂದ ಬಂದರೆ ಓಡುತ್ತಿತ್ತು. ಹಿಂದಿನ ಗಾಳಿ ಹಡಗಿಗಿಂತ ಜೋರಾದಾಗಲೆಲ್ಲ ಹೊಗೆ ಮುಂದಕ್ಕೆ ಬಂದು ಫಿಲ್ಟರ್ ಮೇಲೆ ಕೂತಿತು. ನೀರಿನ ಸ್ಯಾಂಪಲ್ ತೆಗೆಯಲು ನಿಂತಾಗಲೂ ಅದೇ ಕಥೆ.

ಲ್ಯಾಬ್‌ನಲ್ಲಿ ನೋಡಿದರೆ ವಾಪಸ್ ದಾರಿಯ ಫಿಲ್ಟರ್‌ಗಳಲ್ಲಿ ಹೋಪೇನ್‌ಗಳು ಸಿಕ್ಕವು. ಅವು ಪೆಟ್ರೋಲಿಯಂನ ಗುರುತು. ಆಲ್ಕೇನ್‌ಗಳಲ್ಲೂ, ಅಂದರೆ ಇಂಗಾಲದ ಸರಪಳಿಯ ಅಣುಗಳಲ್ಲೂ, ಗಿಡದ ಮೇಣದಲ್ಲಿ ಕಾಣುವ ಹಾಗೆ ಬೆಸ ಸಂಖ್ಯೆಯ ಇಂಗಾಲದವುಗಳ ಮೇಲುಗೈ ಇರಲಿಲ್ಲ. ಖಂಡಗಳ ಮಾಲಿನ್ಯ ಅಂತ ಖುಷಿಯಲ್ಲಿ ಒಂದು ಅಧ್ಯಾಯವನ್ನೇ ಬರೆದೆ. ಸೌದೆ, ಕಾಡು ಸುಟ್ಟ ಹೊಗೆಯ ಗುರುತಾದ ಲೆವೊಗ್ಲುಕೊಸಾನ್ ಮಾತ್ರ ಏರಿರಲಿಲ್ಲ. ದಾರಿಯಲ್ಲಿ ಗಾಳಿಯಲ್ಲೇ ಇರುವ, ಬೇರೆ ಅಣುಗಳ ಮೇಲೆ ಎರಗುವ ಹೈಡ್ರಾಕ್ಸಿಲ್ ರಾಡಿಕಲ್ ಅದನ್ನು ಒಡೆದಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ರಸಾಯನಶಾಸ್ತ್ರ ನಿಜವೇ, ಆದರೆ ಅಲ್ಲಿ ನನಗೆ ಅದು ನೆಪವಾಯಿತು.

ಹಿರಿಯ ಸಹೋದ್ಯೋಗಿಯೊಬ್ಬರು ಹಡಗಿನ ಕಣ ಎಣಿಸುವ ಯಂತ್ರ ಬರೆದಿಟ್ಟ ನಿಮಿಷ ನಿಮಿಷದ ಎಣಿಕೆ ತೋರಿಸಿ ಅಂದರು. ಘನ ಸೆಂಟಿಮೀಟರಿಗೆ ನೂರರ ಲೆಕ್ಕದಲ್ಲಿದ್ದದ್ದು ಕೆಲವೇ ನಿಮಿಷದಲ್ಲಿ ಹತ್ತಾರು ಸಾವಿರಕ್ಕೆ ಹಾರಿ ಮತ್ತೆ ಬೀಳುತ್ತಿತ್ತು. ಸಾವಿರಾರು ಕಿಲೋಮೀಟರ್ ದಾಟಿ ಬಂದ ಹೊಗೆ ಹಾಗೆ ಕುಣಿಯುವುದಿಲ್ಲ, ದಾರಿಯಲ್ಲೇ ಬೆರೆತು ಹರಡಿರುತ್ತದೆ. 19 ಫಿಲ್ಟರ್‌ಗಳಲ್ಲಿ 11 ಕೈಬಿಟ್ಟೆ. ಒಂದು ವರ್ಷದ ಕೆಲಸ ಹೋಯಿತು.

ಉಳಿದ ಎಂಟು ಫಿಲ್ಟರ್ ನನಗೆ ಆ ಸಮುದ್ರವನ್ನು ಕಲಿಸಿದವು. ಮಂಜುಗಡ್ಡೆಯ ಅಂಚು ಸಮೀಪಿಸಿದಂತೆ ಮೀಥೇನ್‌ಸಲ್ಫಾನಿಕ್ ಆಮ್ಲ ಏರುತ್ತಿತ್ತು. ಮಂಜು ಕರಗಿ ಬೆಳಕು ಬಿದ್ದಾಗ ಫಿಯೋಸಿಸ್ಟಿಸ್‌ನಂಥ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳಿಂದ ಹುಟ್ಟುವ ಗಂಧಕದ ಅನಿಲ ಡೈಮೀಥೈಲ್ ಸಲ್ಫೈಡ್ ಗಾಳಿಗೇರಿ ಉತ್ಕರ್ಷಣಗೊಳ್ಳುತ್ತದೆ. ಚಳಿ ಹೆಚ್ಚಿದ್ದಷ್ಟೂ ಅದು ಈ ಆಮ್ಲದ ದಾರಿ ಹಿಡಿಯುವುದು ಜಾಸ್ತಿ. ಇನ್ನೊಂದು ಕಡೆ, ಅಲೆ ಒಡೆದು ಗುಳ್ಳೆ ಸಿಡಿದಾಗ ನೀರಿನ ಮೇಲ್ಪದರದ ಸಕ್ಕರೆ, ಕೊಬ್ಬು, ಜೆಲ್ ಉಪ್ಪಿನ ಜೊತೆ ನೇರ ಗಾಳಿಗೆ ಹಾರುತ್ತವೆ.

ಅದಕ್ಕೇ ನಿಮ್ಮ ‘ಸಮುದ್ರವೋ ಖಂಡವೋ’ ಅನ್ನುವ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಒಂದೇ ಕಣದಲ್ಲಿ ಗುಳ್ಳೆಯ ಉಪ್ಪು, ಪಾಚಿಯ ಗಂಧಕ, ದೂರದ ಹೊಗೆ ಮೂರೂ ಇರಬಹುದು. ಮೊದಲು ಯಾವ ತಿಂಗಳು ಅಂತ ಕೇಳಬೇಕು. ಚಳಿಗಾಲದ ಕೊನೆ ಮತ್ತು ವಸಂತದಲ್ಲಿ ಯುರೇಷ್ಯಾದ ಮಾಲಿನ್ಯ ಉತ್ತರಕ್ಕೆ ಬಂದು ಆರ್ಕ್ಟಿಕ್ ಮಬ್ಬಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ತುಂತುರು ಮಳೆ ಅದನ್ನು ತೊಳೆಯುತ್ತದೆ, ಆಗ ಸ್ಥಳೀಯ ಮೂಲಗಳೇ ಎದ್ದು ಕಾಣುತ್ತವೆ.

ಮಾಸ್ ಸ್ಪೆಕ್ಟ್ರೋಮೀಟರ್ ನೋಡಿಕೊಳ್ಳಲು ಒಬ್ಬರು ಪೂರ್ತಿ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಬೇಡ. ಕಣ ಎಣಿಸುವ ಯಂತ್ರ ಮತ್ತು ಮಸಿ ಅಳೆಯುವ ಯಂತ್ರ ಮಾತ್ರ ಬಿಡಬೇಡಿ. 2019-20ರಲ್ಲಿ ಮಂಜುಗಡ್ಡೆಯೊಂದಿಗೆ ತೇಲಿದ ಪೋಲಾರ್‌ಸ್ಟರ್ನ್ ಹಡಗಿನ ಮೊಸಾಯಿಕ್ ಯಾನದಲ್ಲೂ ಹಡಗಿನ ಹೊಗೆಯನ್ನು ಅಂಕಿಗಳಿಂದ ಬೇರ್ಪಡಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು. ಬ್ಲ್ಯಾಂಕ್ ಫಿಲ್ಟರ್, ಅಂದರೆ ಹೋಲಿಕೆಗಾಗಿ ಗಾಳಿ ಎಳೆಯದೆ ಹಾಗೇ ಇಡುವ ಫಿಲ್ಟರ್, ಐದಕ್ಕೊಂದಾದರೂ ಇರಲಿ. ಕ್ವಾರ್ಟ್ಜ್ ಪಂಪ್ ಓಡದಿದ್ದರೂ ಸಾವಯವ ಆವಿಯನ್ನು ಹೀರುತ್ತದೆ, ಶುದ್ಧ ಗಾಳಿಯಲ್ಲಿ ಆ ಪಾಲು ಸಣ್ಣದಲ್ಲ.

ಬಂದರು ಬಿಟ್ಟ ಮೊದಲ ದಿನ ಹಡಗು ತಿರುಗುವಾಗ ನಿಮ್ಮ ಸ್ವಿಚ್ ಓದುತ್ತಿರುವ ಗಾಳಿಯ ದಿಕ್ಕನ್ನು ನೋಡುತ್ತಾ ನಿಲ್ಲಿ. ಹಡಗಿನ ಜೊತೆ ಅಂಕಿಯೂ ತಿರುಗಿದರೆ ಸರಿ. ಅಲ್ಲಾಡದೆ ನಿಂತರೆ ನೀವು ಓದುತ್ತಿರುವುದು ನಿಜ ಗಾಳಿಯನ್ನು, ಆಗಲೇ ಬದಲಿಸಿಬಿಡಿ.