ಆಲ್ಕಿಯೊನೆಯ ಕಥೆ ತವರಿನಿಂದ ಶುರುವಾಗಲಿ

ನಮಸ್ಕಾರ.

'ಆಲ್ಕಿಯೊನೆ: ಒಂದು ಅಪರೂಪದ ಗ್ರೀಕ್ ಹೆಸರು' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಬಿಟ್ಟುಕೊಡಲೂ ಮನಸ್ಸಿಲ್ಲ, ದಯವಿಟ್ಟು ತಿದ್ದಿ ಕಳಿಸಿ.

ಮೊದಲ ಪುಟವಿಡೀ ಗ್ರೀಕ್ ನಾಗರಿಕತೆಯ ಹೊಗಳಿಕೆ. ಅದನ್ನು ತೆಗೆದುಬಿಡಿ. ಹೆಸರಿನ ಅರ್ಥ 'ಶಾಂತಿ' ಎಂದಿದ್ದೀರಿ, ಅದು ತಪ್ಪು. ಗ್ರೀಕರ 'ಆಲ್ಕಿಯೊನ್' ಎಂದರೆ ಮಿಂಚುಳ್ಳಿ. ಈ ಹಕ್ಕಿ ಕಡಲ ಮೇಲೆಯೇ ಗೂಡು ಕಟ್ಟುತ್ತದೆ ಎಂದು ಅವರು ನಂಬಿದ್ದರು. ಕಡಲಿಗೆ ಅವರ ಮಾತಿನಲ್ಲಿ 'ಹಾಲ್ಸ್'. ಆ ನಂಬಿಕೆಯಿಂದಲೇ ಹೆಸರಿಗೆ ಹಕಾರ ಸೇರಿ 'ಹಾಲ್ಕಿಯೊನ್' ಆಯಿತು. ಕಥೆಯೇ ಹೆಸರನ್ನು ತಿದ್ದಿದೆ! ಇದು ನಿಮ್ಮ ಲೇಖನದಲ್ಲಿ ಬರಲೇಬೇಕು. ಚಳಿಗಾಲದಲ್ಲಿ, ಹಗಲು ಅತಿ ಚಿಕ್ಕದಾಗುವ ದಿನದ ಹಿಂದೆ 7, ಮುಂದೆ 7 ದಿನ ಹಕ್ಕಿ ಮರಿಮಾಡಲೆಂದು ಕಡಲು ಶಾಂತವಾಗಿರುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಶಾಂತಿಯ ಮಾತು ಹುಟ್ಟಿದ್ದು ಅಲ್ಲಿ.

ಇನ್ನು ಕಥೆ. ಅಪೊಲೊಡೋರಸ್ ಹೆಸರಿನ ಗ್ರೀಕ್ ಗ್ರಂಥದಲ್ಲಿ ಆಲ್ಕಿಯೊನೆ, ಕೇಯಿಕ್ಸ್ ಎಂಬ ಗಂಡಹೆಂಡಿರು ತಮ್ಮನ್ನು ದೇವರಾಜ ಜ್ಯೂಸ್, ಅವನ ರಾಣಿ ಹೇರಾ ಎಂದು ಕರೆದುಕೊಂಡು ಶಿಕ್ಷೆಯಾಗಿ ಹಕ್ಕಿಗಳಾಗುತ್ತಾರೆ. ರೋಮನ್ ಕವಿ ಓವಿಡ್‌ನಲ್ಲಿ ಅವರ ತಪ್ಪೇನೂ ಇಲ್ಲ. ನೀವು ಎರಡನ್ನೂ ಕಲಸಿದ್ದರಿಂದ ಅವಳಿಗಾಗಿ ಮರುಗಬೇಕೋ ಬೇಡವೋ ತಿಳಿಯುವುದಿಲ್ಲ. ಓವಿಡ್‌ನನ್ನೇ ಹಿಡಿಯಿರಿ. ಅವಳು ಗಾಳಿಗಳ ಒಡೆಯ ಅಯೊಲಸ್‌ನ ಮಗಳು. ಚಿಕ್ಕಂದಿನಲ್ಲಿ ತವರುಮನೆಯಲ್ಲೇ ಗಾಳಿಗಳನ್ನು ಕಂಡವಳು. ಅದಕ್ಕೇ ಗಂಡ ಕೇಯಿಕ್ಸ್ ಹಡಗು ಹತ್ತುವಾಗ ಬೇಡವೆಂದು ಅಂಗಲಾಚುತ್ತಾಳೆ. ಅವನು ಮುಳುಗಿ ಸತ್ತಿದ್ದರೂ, ಅದು ಗೊತ್ತಿಲ್ಲದೆ ಜೂನೊ ದೇವತೆಯ (ರೋಮನ್ನರ ಹೇರಾ) ಗುಡಿಯಲ್ಲಿ ಅವನ ಕ್ಷೇಮಕ್ಕೆ ಬೇಡುತ್ತಲೇ ಇರುತ್ತಾಳೆ. ಇದಕ್ಕೆ ನೀವು ಕೊಟ್ಟದ್ದು ಅರ್ಧ ವಾಕ್ಯ! ಎರಡು ಪುಟ ಕೊಡಿ.

ಕೃತ್ತಿಕಾ ನಕ್ಷತ್ರಪುಂಜದ ಆಲ್ಕಿಯೊನೆ ಬೇರೆ, ಅವಳು ಅಟ್ಲಾಸ್‌ನ ಮಗಳು. ಆ ಪ್ಯಾರಾ ಹೋಗಲಿ.

ಕೊನೆಯಲ್ಲಿ ಸಾವಿತ್ರಿಯ ಹೋಲಿಕೆ ತಂದಿದ್ದೀರಿ. ಎಳೆದು ತಂದಂತಿದೆ. ನಮ್ಮ ನಂಟು ನಿಜವಾಗಿ ಇರುವುದು ಹಕ್ಕಿಗಳಲ್ಲಿ. ನಮ್ಮ ಕೆರೆ, ಗದ್ದೆಗಳ ಬಳಿ ತಂತಿಯ ಮೇಲೆ ಕೂರುವ, ಬಿಳಿ ಎದೆಯ ನೀಲಿ ಮಿಂಚುಳ್ಳಿಯ ಶಾಸ್ತ್ರೀಯ ಹೆಸರು ಹ್ಯಾಲ್ಸಿಯನ್ ಸ್ಮಿರ್ನೆನ್ಸಿಸ್, ಅದೇ 'ಹಾಲ್ಕಿಯೊನ್'. ಪಶ್ಚಿಮ ಘಟ್ಟದ ಕಾಡುತೊರೆಗಳ ಪುಟ್ಟ ಮಿಂಚುಳ್ಳಿಯ ಕುಲದ ಹೆಸರು ಅವಳ ಗಂಡನದೇ, ಕೇಯಿಕ್ಸ್. ಅದರ ಗೂಡು ಕಡಲಲ್ಲಲ್ಲ, ಮಣ್ಣಿನ ದಂಡೆಯ ಬಿಲದಲ್ಲಿ. ಇವೆರಡನ್ನೂ ಒಮ್ಮೆ ಹೋಗಿ ನೋಡಿ ಬನ್ನಿ, ಆಮೇಲೆ ಬರೆಯಿರಿ. ಕಾಯುತ್ತೇನೆ.