ಅಲಂಕಾರದ ಹೇರ್ ಕ್ಲಿಪ್ ನುಣುಪು ಕೂದಲಲ್ಲಿ ಯಾಕೆ ಜಾರುತ್ತದೆ?

ಕ್ಲಿಪ್ಪಿನ ಹಿಡಿತಕ್ಕಿಂತ ಅದರ ಮೇಲಿನ ಅಲಂಕಾರದ ಎಳೆತ ಜಾಸ್ತಿ ಆದಾಗ ಅದು ಜಾರುತ್ತದೆ. ತಪ್ಪೆಲ್ಲ ನಿಮ್ಮ ಕೂದಲಿನದ್ದಲ್ಲ.

ಹಿಡಿತ ಬರುವುದು ಸ್ಪ್ರಿಂಗಿನ ಒತ್ತಡದಿಂದ ಮತ್ತು ಕ್ಲಿಪ್ಪು ಕೂದಲಿಗೆ ಉಜ್ಜಿ ನಿಲ್ಲುವುದರಿಂದ. ಪ್ರತಿ ಕೂದಲೆಳೆಯ ಮೇಲೂ ಮೀನಿನ ಹುರುಪೆಯಂಥ ಪುಟ್ಟ ಪದರಗಳಿರುತ್ತವೆ. ಕಂಡೀಷನರ್ ಹಚ್ಚಿದರೆ ಅವು ನುಣುಪಾಗುತ್ತವೆ, ಕ್ಲಿಪ್ಪಿಗೆ ಆಸರೆ ಸಿಗುವುದಿಲ್ಲ. ಕೂದಲು ತೆಳುವಾಗಿದ್ದರೆ ಕ್ಲಿಪ್ಪಿನ ಬಾಯಿಯೂ ತುಂಬುವುದಿಲ್ಲ.

ಇನ್ನು ವಿನ್ಯಾಸ. ನನ್ನ ಪ್ರಕಾರ ಹೆಚ್ಚಿನ ಕ್ಲಿಪ್ಪುಗಳು ಸೋಲುವುದು ಇಲ್ಲೇ. ದೊಡ್ಡ ಹೂವನ್ನೋ ಮಣಿಗೊಂಚಲನ್ನೋ ತುದಿಗೆ ಅಂಟಿಸಿದರೆ ಅದು ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ತೂಕ ಹಿಡಿತದಿಂದ ದೂರವಾದಷ್ಟೂ ಕ್ಲಿಪ್ಪನ್ನು ತಿರುಚುವ ಬಲ ಹೆಚ್ಚುತ್ತದೆ. ಅದೇ ಹೂವನ್ನು ಹಿಡಿತದ ನೇರ ಮೇಲೆ, ತಲೆಗೆ ಆದಷ್ಟು ಹತ್ತಿರ ಕೂರಿಸಿ ನೋಡಿ, ತೂಕ ಅಷ್ಟೇ ಇದ್ದರೂ ಗಟ್ಟಿಯಾಗಿ ನಿಲ್ಲುತ್ತದೆ. ಗಾಜಿನ ಮಣಿಯ ಬದಲು ಹಗುರವಾದ ಬಟ್ಟೆ ಅಥವಾ ಫೆಲ್ಟ್ (ನೇಯದೆ ಒತ್ತಿ ಮಾಡಿದ ಬಟ್ಟೆ) ಬಳಸಿದರೆ ಇನ್ನೂ ಒಳ್ಳೆಯದು. ಕ್ಲಿಪ್ಪಿನ ಒಳಬದಿಗೆ ವೆಲ್ವೆಟ್ ರಿಬ್ಬನ್ನಿನ ಸಣ್ಣ ಪಟ್ಟಿ ಅಂಟಿಸಿ. ಇಷ್ಟು ಚಿಕ್ಕ ಕೆಲಸಕ್ಕೆ ಎಷ್ಟು ವ್ಯತ್ಯಾಸ ಗೊತ್ತಾ!

ಹಾಕಿಕೊಳ್ಳುವಾಗ, ಕ್ಲಿಪ್ ಕೂರುವ ಜಾಗದಲ್ಲಿ ಸಣ್ಣ ಜಡೆ ಹೆಣೆದು ಅದರ ಮೇಲೆ ಕಚ್ಚಿಸಿ. ಹೆಣಿಗೆಯ ಉಬ್ಬುತಗ್ಗು ಜಾರದಂತೆ ತಡೆಯುತ್ತದೆ. ಬಾಬಿ ಪಿನ್ (ಎರಡು ಕಾಲು ಒತ್ತಿಕೊಂಡಿರುವ ತೆಳು ಹೇರ್ ಪಿನ್) ಆದರೆ ಅಲೆಯಂತಿರುವ ಕಾಲು ತಲೆಯ ಕಡೆಗೆ ಬರಬೇಕು. ಸುಮಾರು ಜನ ಉಲ್ಟಾ ಹಾಕುತ್ತಾರೆ, ಅಲ್ವಾ?