ದೊಡ್ಡ ನಕ್ಷತ್ರಗಳು ಅಷ್ಟು ವಿರಳವಾಗಿದ್ದರೂ, ನಕ್ಷತ್ರ ಹುಟ್ಟುವ ತಾಣ ಹುಡುಕಲು ಅವನ್ನೇ ಏಕೆ ನೋಡುತ್ತಾರೆ?

ಅವು ಬೇಗ ಸಾಯುತ್ತವೆ, ಅದಕ್ಕೇ. ನೂರಕ್ಕೆ ಒಂದೂ ಇಲ್ಲದ ನಕ್ಷತ್ರಗಳಿಂದ ಇಡೀ ಗ್ಯಾಲಕ್ಸಿಯ ಲೆಕ್ಕ ಹೇಗೆ ಸಿಗುತ್ತದೆ ಎಂದು ಕೇಳಿದ್ದೀರಿ. ಎಂಎಸ್ಸಿಯಲ್ಲಿ ಎಂ33 ಎಂಬ ಸುರುಳಿ ಗ್ಯಾಲಕ್ಸಿಯ ಅತಿನೇರಳೆ ಚಿತ್ರಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಸೂರ್ಯನ ಆಯಸ್ಸು ಸುಮಾರು 1000 ಕೋಟಿ ವರ್ಷ. ಅವನ 20 ಪಟ್ಟು ತೂಕದ ನಕ್ಷತ್ರದ್ದು ಒಂದು ಕೋಟಿ ವರ್ಷದ ಆಸುಪಾಸು. ಇಂಧನ 20 ಪಟ್ಟು ಇದ್ದರೂ ಅದನ್ನು ಉರಿಸುವ ವೇಗ ಹತ್ತಾರು ಸಾವಿರ ಪಟ್ಟು. ಹುಟ್ಟಿದ ಜಾಗದಿಂದ ಅದು ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದೆ ಎಂದುಕೊಳ್ಳಿ. ಸಾಯುವ ಹೊತ್ತಿಗೆ ಅದು ಸರಿದಿರುವುದು ಸುಮಾರು 330 ಜ್ಯೋತಿರ್ವರ್ಷ. ಎಂ33ರ ಅಗಲವೋ 60,000 ಜ್ಯೋತಿರ್ವರ್ಷ! ಕೆಲವು ನಕ್ಷತ್ರಗಳು ಗುಂಪಿನಿಂದ ಸಿಡಿದು ಓಡಿಹೋಗುವುದುಂಟು, ಆದರೆ ಹೆಚ್ಚಿನವು ಹುಟ್ಟಿದ ಊರಲ್ಲೇ ಸಾಯುತ್ತವೆ. ಸೂರ್ಯ ಹಾಗಲ್ಲ. ಈ 460 ಕೋಟಿ ವರ್ಷಗಳಲ್ಲಿ ಕ್ಷೀರಪಥವನ್ನು ಸುಮಾರು 20 ಸುತ್ತು ಹಾಕಿದ್ದಾನೆ, ಅವನ ಒಡಹುಟ್ಟಿದವು ಎಲ್ಲೆಲ್ಲೋ ಚದುರಿಹೋಗಿವೆ. ಅವನನ್ನು ನೋಡಿ ಹುಟ್ಟೂರು ಹೇಳಲಾಗದು.

ಎಂ33 ನಮ್ಮಿಂದ ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಗ್ಯಾಲಕ್ಸಿಗಳ ಮಟ್ಟಿಗೆ ಇದು ಪಕ್ಕದ ಮನೆ. ಅದರ ಒಂದು ತೋಳಿನಲ್ಲಿರುವ ಎನ್‌ಜಿಸಿ 604 ಎಂಬ ಅನಿಲದ ಮೋಡವನ್ನು ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ 1784ರಲ್ಲೇ ಗುರುತಿಸಿದ್ದರು. ಬೇರೊಂದು ಗ್ಯಾಲಕ್ಸಿಯೊಳಗಿನ ಒಂದು ಮೋಡ ಆ ಕಾಲದ ದೂರದರ್ಶಕಕ್ಕೇ ಕಂಡಿತೆಂದರೆ ಅದರ ಪ್ರಖರತೆ ಊಹಿಸಿ. ಸುಮಾರು 1500 ಜ್ಯೋತಿರ್ವರ್ಷ ಅಗಲದ ಈ ಮೋಡವನ್ನು ಬೆಳಗಿಸುತ್ತಿರುವುದು 200ಕ್ಕೂ ಹೆಚ್ಚು ದೈತ್ಯ ನಕ್ಷತ್ರಗಳು. ಇಂಥವುಗಳ ಮೇಲ್ಮೈ 30,000 ಡಿಗ್ರಿಗೂ ಹೆಚ್ಚು ಬಿಸಿ, ಬೆಳಕಿನ ಬಹುಪಾಲು ಅತಿನೇರಳೆ. ಆ ಬೆಳಕು ಸುತ್ತಲಿನ ಜಲಜನಕದ ಪರಮಾಣುಗಳಿಂದ ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಎಲೆಕ್ಟ್ರಾನ್ ಮತ್ತೆ ಬಂದು ಸೇರಿಕೊಳ್ಳುವಾಗ 656.3 ನ್ಯಾನೋಮೀಟರ್‌ನ ಕೆಂಪು ಬೆಳಕು ಹೊಮ್ಮುತ್ತದೆ.

ನನಗೆ ಅತ್ಯಂತ ಇಷ್ಟವಾದ ಸಂಗತಿ ಇರುವುದು ಈ ಕೆಂಪಿನಲ್ಲೇ. ಅದನ್ನು ಹೊಮ್ಮಿಸುವ ತಾಕತ್ತು ಅತಿ ದೊಡ್ಡ ನಕ್ಷತ್ರಗಳಿಗೆ ಮಾತ್ರ ಇರುವುದರಿಂದ, ಒಂದು ಕೋಟಿ ವರ್ಷದೊಳಗೆ ಅದು ಆರಿಹೋಗುತ್ತದೆ. ಅತಿನೇರಳೆಯಲ್ಲಿ ಹೊಳೆಯುವ, ಸ್ವಲ್ಪ ಚಿಕ್ಕ ನಕ್ಷತ್ರಗಳು 10 ಕೋಟಿ ವರ್ಷದವರೆಗೂ ಉಳಿದಿರುತ್ತವೆ. ಹಾಗಾಗಿ ಒಂದೇ ಜಾಗದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ, ಎರಡರಲ್ಲೂ ಕಂಡ ಗುಂಪು ಎಳೆಯದು, ಅತಿನೇರಳೆಯಲ್ಲಿ ಮಾತ್ರ ಕಂಡದ್ದು ಹೆಚ್ಚಾಗಿ ಹಳೆಯದು. ಒಂದೊಂದು ನಕ್ಷತ್ರವನ್ನೂ ಎಣಿಸದೆ ವಯಸ್ಸು ಸಿಕ್ಕಿಬಿಡುತ್ತದೆ!

ಇನ್ನು ಕಾಣದ ಚಿಕ್ಕ ನಕ್ಷತ್ರಗಳ ಲೆಕ್ಕ. ಒಂದು ಗುಂಪಿನಲ್ಲಿ ದೊಡ್ಡವು ಇಷ್ಟಿದ್ದರೆ ಚಿಕ್ಕವು ಎಷ್ಟಿರಬೇಕು ಎಂಬ ಅನುಪಾತವನ್ನು ಖಭೌತ ವಿಜ್ಞಾನಿ ಎಡ್ವಿನ್ ಸಾಲ್ಪೀಟರ್ 1955ರಲ್ಲಿ ಕೊಟ್ಟರು. ಮುಂದೆ ಅದನ್ನು ತಿದ್ದಿದ್ದಾರೆ, ಆದರೆ ವಿಧಾನ ಅದೇ. ನಿಮ್ಮ ಅನುಮಾನಕ್ಕೆ ನಿಜವಾದ ಆಧಾರ ಇರುವುದೂ ಇಲ್ಲೇ, ಆ ಅನುಪಾತ ಎಲ್ಲೆಡೆ ಒಂದೇ ಎಂದು ಒಪ್ಪಿಕೊಂಡೇ ಲೆಕ್ಕ ಮುಂದುವರಿಯುತ್ತದೆ. ದೂಳು ಇನ್ನೊಂದು ತೊಡಕು. ಅದು ಅತಿನೇರಳೆಯನ್ನು ನುಂಗಿ ಅವಕೆಂಪಾಗಿ ಹೊರಬಿಡುವುದರಿಂದ ಅವಕೆಂಪು ಚಿತ್ರಗಳನ್ನೂ ಜೊತೆಗಿಟ್ಟು ನೋಡಲೇಬೇಕು.

ಈ ಅತಿನೇರಳೆ ಬೆಳಕನ್ನು ವಾತಾವರಣ ತಡೆಯುತ್ತದೆ, ಬಾಹ್ಯಾಕಾಶಕ್ಕೇ ಹೋಗಬೇಕು. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಯುವಿಐಟಿ ಎಂಬ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ನಾಸಾದ ಗ್ಯಾಲೆಕ್ಸ್ ಎಂಬ ಅತಿನೇರಳೆ ದೂರದರ್ಶಕಕ್ಕಿಂತ ಇದರ ಕನ್ನಡಿ ಚಿಕ್ಕದಾದರೂ ಚಿತ್ರ ಸುಮಾರು ಮೂರು ಪಟ್ಟು ಸ್ಪಷ್ಟ. ಯುವಿಐಟಿ ಕಳಿಸಿದ ದತ್ತಾಂಶ ಇಸ್ರೋ ಜಾಲತಾಣದಲ್ಲಿ ಸಾರ್ವಜನಿಕವಾಗಿ ಸಿಗುತ್ತದೆ. ಎಂ33ರಿಂದಲೇ ಶುರುಮಾಡಿ, ಮೊದಲು ಎನ್‌ಜಿಸಿ 604 ಹುಡುಕಿ.